ಹೊಸ ಇವಿ ಬಂತಾ? ಮೊದಲು ಯೂನಿಟ್ ಕೇಳಿ

627 ಕಿಲೋಮೀಟರ್ ರೇಂಜ್!
ರಸ್ತೇಲಿ ನಿಜವಾಗ್ಲೂ ಅಷ್ಟು ಸಿಗುತ್ತಾ?

ಟಾಟಾ ಹ್ಯಾರಿಯರ್ ಇವಿ ನೋಡಿ.
ದೊಡ್ಡ ಬ್ಯಾಟರಿ 75 ಕಿಲೋವ್ಯಾಟ್ ಅವರ್.
ಹೆಸರಿಗೆ ಹೆದರಬೇಡಿ.
ನಿಮ್ಮ ಕರೆಂಟ್ ಬಿಲ್ಲಲ್ಲಿ ಬರೋ ಯೂನಿಟ್ಟೇ ಇದು.
75 ಯೂನಿಟ್ ಹಿಡಿಯುತ್ತೆ, ಅಷ್ಟೇ.

ಬ್ಯಾಟರಿ ಅಂದ್ರೆ ಮನೆ ಮೇಲಿನ ನೀರಿನ ಟ್ಯಾಂಕ್.
ನೀರು ಎಷ್ಟು ಹೊತ್ತು ಬರುತ್ತೆ?
ನಲ್ಲಿ ಎಷ್ಟು ತಿರುಗಿಸ್ತೀರೋ, ಅದರ ಮೇಲೆ.

627 ಬಂದಿದ್ದು ಪರೀಕ್ಷೆಯಲ್ಲಿ.
ದಿನನಿತ್ಯದ ಓಡಾಟಕ್ಕೆ ಟಾಟಾದವರೇ ಕೊಟ್ಟ ಅಂದಾಜು,
480ರಿಂದ 505.
ಅಂದ್ರೆ ಒಂದು ಯೂನಿಟ್‌ಗೆ ಸುಮಾರು ಆರೂವರೆ ಕಿಲೋಮೀಟರ್.

ಈಗ ಹೈವೇಗೆ ಬನ್ನಿ.
ಸ್ಪೀಡು 80ರಿಂದ 110ಕ್ಕೆ ಏರಿದ್ರೆ
ಗಾಳಿಯ ತಡೆ ಹತ್ತಿರಹತ್ತಿರ ಎರಡು ಪಟ್ಟು!
ನಲ್ಲಿ ಪೂರ್ತಿ ಬಿಟ್ಟ ಹಾಗೆ.
ಅದಕ್ಕೇ ದೊಡ್ಡ ಎಸ್‌ಯುವಿ ಹೈವೇ ಲೆಕ್ಕಕ್ಕೆ
ನಾನು ಯೂನಿಟ್‌ಗೆ ಐದೇ ಕಿಲೋಮೀಟರ್ ಹಿಡೀತೀನಿ.
75 ಇಂಟು 5. 375.

ಬೆಂಗಳೂರಿಂದ ಮಂಗಳೂರು ಸುಮಾರು 350.
ತಲುಪ್ತೀರಿ, ಆದ್ರೆ ಟ್ಯಾಂಕ್ ತಳ ಕಾಣುತ್ತೆ.
ಹಾಸನದಲ್ಲಿ ಊಟಕ್ಕೆ ನಿಂತಾಗ ಚಾರ್ಜ್‌ಗೆ ಹಾಕಿಬಿಡಿ.
ಶಿರಾಡಿ ಘಾಟಿ ಇಳಿಯುವಾಗ
ಒಂದಷ್ಟು ಕರೆಂಟ್ ಬ್ಯಾಟರಿಗೇ ವಾಪಸ್ ಬರುತ್ತೆ.
ಆದ್ರೆ ಊರಿಂದ ವಾಪಸ್ ಬರುವಾಗ
ಅದೇ ಘಾಟಿ ಹತ್ತಬೇಕು.
ಆಗ ಖರ್ಚು ಜಾಸ್ತಿ. ಇದನ್ನ ತುಂಬಾ ಜನ ಮರೀತಾರೆ.

ಮುಂದೆ ಯಾವ ಹೊಸ ಇವಿ ಬಂದ್ರೂ
ಯೂನಿಟ್ ನೋಡಿ, ಐದರಿಂದ ಗುಣಿಸಿ.
ಚಿಕ್ಕ ಕಾರಾದ್ರೆ ಸ್ವಲ್ಪ ಹೆಚ್ಚೇ ಸಿಗುತ್ತೆ.

ಓಡಾಟವೆಲ್ಲಾ ಊರೊಳಗೇನಾ?
ಮನೇಲೇ ಚಾರ್ಜಿಂಗ್ ಇದೆಯಾ?
ಹಾಗಿದ್ರೆ 40 ಯೂನಿಟ್ ಬ್ಯಾಟರಿ ಧಾರಾಳ.
ದೊಡ್ಡದಕ್ಕೆ ಸುಮ್ಮನೆ ದುಡ್ಡು ಸುರೀಬೇಡಿ.