ಹೃದಯದ ತೂತು ಮತ್ತು ನಮ್ಮ ಡ್ಯೂಸೆಲ್ಡಾರ್ಫ್

ಡ್ಯೂಸೆಲ್ಡಾರ್ಫ್‌ಗೆ ಬಂದು ಒಂದೆರಡು ಚಳಿಗಾಲ ಕಳೆದರೆ ಇದೂ ನಮ್ಮೂರೇ ಆಗಿಬಿಡುತ್ತೆ. ಹೈನ್ರಿಕ್ ಹೈನೆ ವಿಶ್ವವಿದ್ಯಾಲಯದ ಕ್ಯಾಂಪಸ್ ಪಕ್ಕದಲ್ಲೇ ದೊಡ್ಡ ಆಸ್ಪತ್ರೆ ಇದೆ. ಒಳಗೆ ಹೋಗೋ ಪ್ರಸಂಗ ಬರದಿದ್ದರೆ ಸಾಕು ಅಂದುಕೊಂಡು ನಾವೆಲ್ಲ ಅದನ್ನ ದಾಟಿ ಹೋಗ್ತೀವಿ. ಆದರೆ ಹೃದಯ ಚಿಕಿತ್ಸೆಯ ಚರಿತ್ರೆಯಲ್ಲಿ ಈ ಊರಿಗೆ ಒಂದು ಒಳ್ಳೆಯ ಜಾಗ ಇದೆ. ಈ ಸಲದ ಸಂಚಿಕೆಯಲ್ಲಿ ಅದನ್ನು ಹೇಳೋಣ ಅನ್ನಿಸಿತು. ಕಥೆಗಾಗಿ ಮಾತ್ರ ಅಲ್ಲ, ನಮ್ಮ ವಯಸ್ಸಿನವರಿಗೆ ಅದರಲ್ಲಿ ಒಂದು ಎಚ್ಚರಿಕೆಯೂ ಇದೆ.

ಹೃದಯದ ಕಾಯಿಲೆ ಅಂದ ಕೂಡಲೇ ನಮಗೆ ನೆನಪಾಗೋದು ಹಾರ್ಟ್ ಅಟ್ಯಾಕ್ ಒಂದೇ. 2021ರ ಅಕ್ಟೋಬರ್ 29ರಂದು ಅಪ್ಪು ಬರೀ 46ನೇ ವಯಸ್ಸಿಗೆ ಹೋದಾಗ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆ ಮಾಡಿಸಿಕೊಳ್ಳಲು ಜನ ಮುಗಿಬಿದ್ದರು. ಆ ಭಯ ಸಹಜವೇ. ಆದರೆ ಹುಟ್ಟುವಾಗಲೇ ಜೊತೆಗೆ ಬಂದು, ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇದ್ದುಬಿಡೋ ತೊಂದರೆಗಳೂ ಇವೆ. ಅವುಗಳಲ್ಲಿ ಒಂದು ಎ.ಎಸ್.ಡಿ., ಅಂದರೆ ಏಟ್ರಿಯಲ್ ಸೆಪ್ಟಲ್ ಡಿಫೆಕ್ಟ್. ನಮ್ಮ ಕಡೆ ‘ಹಾರ್ಟಲ್ಲಿ ಹೋಲ್’ ಅಂತಾರಲ್ಲ, ಆ ಗುಂಪಿನದು.

ತೂತು ಎಲ್ಲಿಂದ ಬಂತು?

ಹೈಸ್ಕೂಲಿನಲ್ಲಿ ಓದಿದ್ದು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಹೃದಯದಲ್ಲಿ ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತೆ, ಎಡಭಾಗ ಮೈಗೆಲ್ಲ ಹಂಚುತ್ತೆ. ಎರಡು ಹೃತ್ಕರ್ಣಗಳ ನಡುವಿನ ಗೋಡೆ ಪೂರ್ತಿ ಬೆಳೆಯದೆ ಉಳಿದರೆ ಅದೇ ಎ.ಎಸ್.ಡಿ.

ಆಗ ಏನಾಗುತ್ತೆ? ಶ್ವಾಸಕೋಶದಿಂದ ಆಮ್ಲಜನಕ ತುಂಬಿಕೊಂಡು ಬಂದ ರಕ್ತದಲ್ಲಿ ಒಂದು ಪಾಲು ಮೈಗೆ ಹೋಗದೆ, ತೂತಿನಿಂದ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತೆ. ಮದುವೆ ಮನೆಯಲ್ಲಿ ಊಟ ಆದವರೇ ಎದ್ದು ಹೋಗಿ ಮುಂದಿನ ಪಂಕ್ತಿಯಲ್ಲಿ ಕೂತ ಹಾಗೆ! ಬಡಿಸುವವರಿಗೆ ದುಪ್ಪಟ್ಟು ಕೆಲಸ. ಹಾಗೇ ಬಲಭಾಗದ ಹೃದಯ ವರ್ಷಾನುಗಟ್ಟಲೆ ಹೆಚ್ಚಿನ ಭಾರ ಹೊತ್ತು ಹಿಗ್ಗುತ್ತಾ ಹೋಗುತ್ತೆ. ಚಿಕ್ಕ ವಯಸ್ಸಿನಲ್ಲಿ ಅದು ತಡೆದುಕೊಳ್ಳುತ್ತೆ, ಅದಕ್ಕೇ ಎಷ್ಟೋ ಜನರಿಗೆ ಗೊತ್ತೇ ಆಗೋದಿಲ್ಲ. ಆಮೇಲೆ ಏದುಸಿರು, ಸುಸ್ತು, ಎದೆ ಬಡಿತದ ಏರುಪೇರು ಶುರುವಾಗಬಹುದು. ತೀರಾ ತಡವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಬಹಳ ಏರಿಬಿಟ್ಟರೆ, ಕೆಲವರಲ್ಲಿ ತೂತು ಮುಚ್ಚುವುದೇ ಅಪಾಯ ಅನ್ನುವ ಸ್ಥಿತಿ ಬರುತ್ತೆ. ಅದಕ್ಕೇ ಬೇಗ ಗೊತ್ತಾಗೋದು ಮುಖ್ಯ.

ಮೈ ತಣ್ಣಗೆ ಮಾಡಿ ಹೃದಯ ತೆರೆದರು

ಇನ್ನು ನಮ್ಮೂರಿನ ಕಥೆ. ಬಡಿಯುತ್ತಿರುವ ಹೃದಯವನ್ನು ಬಿಚ್ಚಿ ಹೊಲಿಯೋದು ಹೇಗೆ? ರಕ್ತ ನಿಲ್ಲಿಸಿದರೆ ಮಾಮೂಲಿ ತಾಪದಲ್ಲಿ ಮಿದುಳು ನಾಲ್ಕು ನಿಮಿಷ ತಾಳುವುದೂ ಕಷ್ಟ. ಕೆನಡಾದ ಟೊರಾಂಟೊದಲ್ಲಿ ವಿಲ್ಫ್ರೆಡ್ ಬಿಗೆಲೋ ಒಂದು ದಾರಿ ಹುಡುಕಿದರು: ಮೈ ತಣ್ಣಗಾದರೆ ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆ, ಆಗ ಇನ್ನೂ ಕೆಲವು ನಿಮಿಷ ಸಿಗುತ್ತೆ. 1952ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿನೆಸೋಟದಲ್ಲಿ ಜಾನ್ ಲೂಯಿಸ್ ಐದು ವರ್ಷದ ಹುಡುಗಿಯ ಮೈಯನ್ನು 28 ಡಿಗ್ರಿಗೆ ಇಳಿಸಿ, ಐದೂವರೆ ನಿಮಿಷದಲ್ಲಿ ಎ.ಎಸ್.ಡಿ. ಹೊಲಿದರು. ಈ ತೂತನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇತ್ತು: ಅಷ್ಟು ಕಡಿಮೆ ಹೊತ್ತಿನಲ್ಲಿ ಮುಗಿಸಬಹುದಾದ ಕೆಲಸ ಅದು.

ಜರ್ಮನಿಯಲ್ಲಿ ಇದನ್ನು ಮೊದಲು ಮಾಡಿದ್ದು 1955ರಲ್ಲಿ, ಇಲ್ಲೇ ಡ್ಯೂಸೆಲ್ಡಾರ್ಫ್‌ನಲ್ಲಿ. ಮಾಡಿದವರು ಎರ್ನ್ಸ್ಟ್ ಡೆರ್ರಾ. ಯುದ್ಧ ಮುಗಿದು ಆಗಿನ್ನೂ ಹತ್ತು ವರ್ಷ. ನಮ್ಮ ವಿಶ್ವವಿದ್ಯಾಲಯ ಆಗಿನ್ನೂ ಇರಲೇ ಇಲ್ಲ, ಇದ್ದದ್ದು ವೈದ್ಯಕೀಯ ಅಕಾಡೆಮಿ. ಅದೇ 1965ರಲ್ಲಿ ವಿಶ್ವವಿದ್ಯಾಲಯ ಆಯಿತು. ಅಷ್ಟರಲ್ಲಿ ಹಾರ್ಟ್-ಲಂಗ್ ಯಂತ್ರವೂ ಬಂದಿತ್ತು. ಜರ್ಮನಿಯಲ್ಲಿ 1958ರಲ್ಲಿ ಮಾರ್ಬುರ್ಗ್‌ನಲ್ಲಿ ರುಡಾಲ್ಫ್ ಝೆಂಕರ್ ಅದನ್ನು ಮೊದಲು ಬಳಸಿದರು. ಅಲ್ಲಿಂದ ಮುಂದೆ ನಿಮಿಷ ಎಣಿಸುವ ಅವಸರ ಕಡಿಮೆಯಾಯಿತು.

ತನ್ನ ಹೃದಯಕ್ಕೇ ಕೊಳವೆ ಹಾಕಿಕೊಂಡರು

ಎರಡನೆಯವರು ವೆರ್ನರ್ ಫೋರ್ಸ್‌ಮನ್. 1929ರಲ್ಲಿ ಬರ್ಲಿನ್ ಹತ್ತಿರದ ಎಬರ್ಸ್‌ವಾಲ್ಡೆ ಆಸ್ಪತ್ರೆಯಲ್ಲಿ ಅವರಿನ್ನೂ ಎಳೆಯ ವೈದ್ಯ. ಎದೆ ಕೊಯ್ಯದೆ, ತೋಳಿನ ರಕ್ತನಾಳದಿಂದಲೇ ಹೃದಯದವರೆಗೆ ತೆಳು ಕೊಳವೆ ಕಳಿಸಬಹುದು ಅನ್ನೋದು ಅವರ ನಂಬಿಕೆ. ಮೇಲಿನವರು ಬೇಡ ಅಂದರೂ ಕೇಳದೆ ತಮ್ಮ ತೋಳಿಗೇ ಸುಮಾರು 65 ಸೆಂಟಿಮೀಟರ್ ಕೊಳವೆ ತೂರಿಸಿಕೊಂಡು, ಹಾಗೇ ನಡೆದು ಎಕ್ಸ್‌ರೇ ಕೋಣೆಗೆ ಹೋದರು. ಕೊಳವೆಯ ತುದಿ ಹೃದಯದಲ್ಲಿತ್ತು! ಆಗ ಅವರಿಗೆ ಸಿಕ್ಕಿದ್ದು ಹೊಗಳಿಕೆಗಿಂತ ಬೈಗುಳವೇ ಜಾಸ್ತಿ. ಹೃದಯದ ಸಹವಾಸ ಬಿಟ್ಟು ಮೂತ್ರಾಂಗದ ಚಿಕಿತ್ಸೆಗೆ ಹೋದರು. 27 ವರ್ಷ ಆದ ಮೇಲೆ, 1956ರಲ್ಲಿ, ನೊಬೆಲ್ ಬಂತು. 1958ರಲ್ಲಿ ಅವರು ನಮ್ಮೂರಿನ ಇವಾಂಗೆಲಿಶೆಸ್ ಆಸ್ಪತ್ರೆಗೆ ಶಸ್ತ್ರಚಿಕಿತ್ಸೆಯ ಮುಖ್ಯಸ್ಥರಾಗಿ ಬಂದರು.

ಒಬ್ಬರದು ಎದೆ ತೆರೆಯುವ ದಾರಿ, ಇನ್ನೊಬ್ಬರದು ರಕ್ತನಾಳದ ದಾರಿ. ಇವತ್ತು ಈ ಎರಡೂ ಎ.ಎಸ್.ಡಿ.ಯಲ್ಲೇ ಬಂದು ಸೇರಿವೆ. ಡೆರ್ರಾ ಹೊಲಿದ ಅಂಥ ತೂತನ್ನು ಈಗ ಬಹಳಷ್ಟು ಸಲ ಕೊಳವೆಯಿಂದಲೇ ಮುಚ್ಚುತ್ತಾರೆ. ತೊಡೆಯ ಸಂದಿಯ ರಕ್ತನಾಳದಿಂದ ಮಡಚಿದ ಪುಟ್ಟ ಛತ್ರಿಯಂಥ ಸಾಧನವನ್ನು ಒಯ್ದು, ತೂತಿನ ಎರಡೂ ಬದಿಗೆ ಬಿಚ್ಚುತ್ತಾರೆ. ಕೆಲವು ತಿಂಗಳಲ್ಲಿ ಅದರ ಮೇಲೆ ಹೃದಯದ ಪೊರೆ ಬೆಳೆದುಕೊಳ್ಳುತ್ತೆ. ತೂತು ಗೋಡೆಯ ಅಂಚಿನಲ್ಲಿದ್ದರೆ ಅಥವಾ ತುಂಬಾ ದೊಡ್ಡದಿದ್ದರೆ ಮಾತ್ರ ಇವತ್ತಿಗೂ ಆಪರೇಷನ್ನೇ ಬೇಕು. ಜಯದೇವದಂಥ ನಮ್ಮ ಆಸ್ಪತ್ರೆಗಳಲ್ಲೂ ಎರಡೂ ಚಿಕಿತ್ಸೆ ಇದೆ.

ಹಾಗಾದರೆ ನಾವೇನು ಮಾಡೋಣ?

ರಾಜ್ಯೋತ್ಸವದ ಡ್ಯಾನ್ಸ್ ಪ್ರಾಕ್ಟೀಸಿನಲ್ಲಿ ಎಲ್ಲರಿಗೂ ಏದುಸಿರು ಬರುತ್ತೆ. ಆದರೆ ಎರಡು ಮಹಡಿ ಹತ್ತಿದರೂ ನಿಲ್ಲಬೇಕಾಗ್ತಿದೆ, ಮೊದಲು ಹೀಗಿರಲಿಲ್ಲ ಅಂತ ಅನ್ನಿಸಿದರೆ ‘ಚಳಿಗೆ ಹೀಗೆ’, ‘ಥೀಸಿಸ್ ಟೆನ್ಷನ್’ ಅಂತ ತಳ್ಳಿಹಾಕಬೇಡಿ. ರಕ್ತಹೀನತೆ, ಆಸ್ತಮಾ ಹೀಗೆ ಬೇರೆ ಕಾರಣವೂ ಇರಬಹುದು, ಅದನ್ನು ಹೇಳಬೇಕಾದವರು ವೈದ್ಯರು. ಮೊದಲು ಹೌಸ್‌ಆರ್ಟ್ಸ್ಟ್ ಹತ್ತಿರ ಹೋಗಿ, ಅವರು ಚೀಟಿ ಬರೆದರೆ ಹೃದಯ ತಜ್ಞರ ಹತ್ತಿರ. ಎಕೋ ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿಯೂ ಇಲ್ಲ. ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ವಯಸ್ಕರಿಗಾಗಿ ಇಲ್ಲಿ ‘ಎಮಾಹ್’ ಅನ್ನುವ ಪ್ರತ್ಯೇಕ ತಜ್ಞರಿದ್ದಾರೆ. ಆ ಪದ ಗೊತ್ತಿದ್ದರೆ ಹುಡುಕೋದು ಸುಲಭ. ಎದೆನೋವು ಅಥವಾ ಎಚ್ಚರ ತಪ್ಪುವಂಥ ತುರ್ತು ಇದ್ದರೆ ಕಾಯದೆ 112.

ವಿಮೆಯ ಮಾತೂ ಹೇಳಲೇಬೇಕು. 30 ವರ್ಷದೊಳಗಿನ ವಿದ್ಯಾರ್ಥಿಗಳು ಸೇರುವ ಶಾಸನಬದ್ಧ ಕ್ರಾಂಕೆನ್‌ಕಾಸೆ ಹಳೆಯ ಕಾಯಿಲೆ ಇದೆ ಅಂತ ನಮ್ಮನ್ನು ಹೊರಗಿಡೋದಿಲ್ಲ. ಅಗ್ಗದ ಪ್ರಯಾಣ ವಿಮೆಗಳಲ್ಲಿ ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ಹಣ ಸಿಗೋದಿಲ್ಲ. ನಮ್ಮನ್ನು ನೋಡೋಕೆ ಬರುವ ಅಪ್ಪ ಅಮ್ಮನಿಗೆ ವಿಮೆ ಮಾಡಿಸುವಾಗಲೂ ಇದನ್ನು ಓದಿ ನೋಡಿ.

ಕೊನೆಗೆ ಒಂದೇ ಕೆಲಸ. ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ಅಮ್ಮನನ್ನು ಕೇಳಿ: “ನಾನು ಚಿಕ್ಕವನಿದ್ದಾಗ, ಚಿಕ್ಕವಳಿದ್ದಾಗ, ಎದೆಯಲ್ಲಿ ಏನೋ ಸದ್ದು ಕೇಳ್ತಿದೆ ಅಂತ ಯಾವ ಡಾಕ್ಟರಾದ್ರೂ ಹೇಳಿದ್ರಾ?” ಹೌದು ಅಂದರೆ ಆ ಹಳೇ ರಿಪೋರ್ಟಿನ ಫೋಟೋ ತರಿಸಿಕೊಳ್ಳಿ. ಅಮ್ಮ ಗಾಬರಿಯಾಗ್ತಾರೆ ಅಂತ ನಾವು ಎಷ್ಟೋ ಮಾತು ಮುಚ್ಚಿಡ್ತೀವಿ, ನಾವು ಗಾಬರಿಯಾಗ್ತೀವಿ ಅಂತ ಅವರೂ ಮುಚ್ಚಿಟ್ಟಿರಬಹುದು. ಇದೊಂದನ್ನು ಮಾತ್ರ ಎರಡೂ ಕಡೆ ಮುಚ್ಚಿಡೋದು ಬೇಡ.