ಬ್ಯಾಸ್ ರಾಕ್: ಕಡಲ ನಡುವಿನ ಹಕ್ಕಿಗಳ ಬಂಡೆ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ನಾರ್ತ್ ಬೆರಿಕ್ ಪಟ್ಟಣದ ಬಳಿ, ದಡದಿಂದ ಸುಮಾರು 2 ಕಿ.ಮೀ. ಆಚೆ, ನೀರಿನಿಂದ ನೆಟ್ಟಗೆ ಎದ್ದಿರುವ ಬಂಡೆ ಬ್ಯಾಸ್ ರಾಕ್. ಎತ್ತರ 107 ಮೀಟರ್, ವಿಸ್ತಾರ ಎಂಟು ಎಕರೆಯೂ ಇಲ್ಲ. ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಯ ಗಂಟಲಲ್ಲೇ ಹೆಪ್ಪುಗಟ್ಟಿದ ಶಿಲೆಯಿದು. ಸುತ್ತಲಿನ ಮೆದುಗಲ್ಲು ಸವೆದು ಇದಷ್ಟೇ ಉಳಿದಿದೆ. ದಕ್ಷಿಣದ ಇಳಿಜಾರಿನಲ್ಲಿ ಒಮ್ಮೆ ಸೆರೆಮನೆಯೂ ಆಗಿದ್ದ ಕೋಟೆಯ ಅವಶೇಷ ಮತ್ತು ದೀಪಸ್ತಂಭ ಇವೆ. ದೀಪಸ್ತಂಭದ ಕಾವಲುಗಾರರು 1988ರಲ್ಲಿ ಹೊರಟ ಮೇಲೆ ಇಲ್ಲಿ ಮನುಷ್ಯವಾಸವಿಲ್ಲ.

ಬೇಸಿಗೆಯಲ್ಲಿ ದೂರದಿಂದ ಬಂಡೆ ಸುಣ್ಣ ಬಳಿದಂತೆ ಕಾಣುತ್ತದೆ. ಆ ಬಿಳುಪು ಅರ್ಧ ಹಿಕ್ಕೆಯದು, ಅರ್ಧ ಹಕ್ಕಿಯದು. ಉತ್ತರ ಅಟ್ಲಾಂಟಿಕ್‌ನ ಗ್ಯಾನೆಟ್ ಹಕ್ಕಿಗಳ ಜಗತ್ತಿನ ಅತಿದೊಡ್ಡ ನೆಲೆ ಎಂದು ಬ್ಯಾಸ್ ರಾಕ್ ಹೆಸರಾದದ್ದು ಈ ದಟ್ಟಣೆಯಿಂದಲೇ. 2014ರ ಎಣಿಕೆಯಲ್ಲಿ 75,000ಕ್ಕೂ ಹೆಚ್ಚು ಗೂಡುಗಳಿದ್ದವು.

ಗ್ಯಾನೆಟ್‌ನ ರೆಕ್ಕೆ ಬಿಚ್ಚಿದರೆ ಸುಮಾರು ಆರು ಅಡಿ. ಮೀನು ಕಂಡೊಡನೆ ಮೇಲಿನಿಂದ ರೆಕ್ಕೆ ಹಿಂದಕ್ಕೆ ಮಡಚಿ ನೀರಿಗೆ ಧುಮುಕುತ್ತದೆ. ಮೂಗಿನ ಹೊಳ್ಳೆಗಳು ಹೊರಗೆ ತೆರೆದಿಲ್ಲ. ಮುಖ, ಎದೆಯ ಚರ್ಮದಡಿಯ ಗಾಳಿಚೀಲಗಳು ಹೊಡೆತವನ್ನು ತಾಳಿಕೊಳ್ಳುತ್ತವೆ.

ಫೆಬ್ರುವರಿಯ ಹೊತ್ತಿಗೆ ಹಕ್ಕಿಗಳು ಮರಳತೊಡಗುತ್ತವೆ. ಕಡಲ ಪಾಚಿ, ಹುಲ್ಲು, ಸಿಕ್ಕರೆ ಹರಿದ ಬಲೆಯ ಚೂರು, ಜೊತೆಗೆ ಹಿಕ್ಕೆ: ಗೂಡಿಗೆ ಇಷ್ಟು ಸಾಕು. ನೆರೆಯ ಗೂಡು ಕೊಕ್ಕು ಚಾಚಿದರೆ ಸಿಗುವಷ್ಟು ಹತ್ತಿರ; ಇಳಿಯುವಾಗ ಗುರಿ ತಪ್ಪಿದವನಿಗೆ ನೆರೆಯವರ ಕುಕ್ಕು ಖಚಿತ. ಮೊಟ್ಟೆ ಒಂದೇ. ಅದಕ್ಕೆ ಕಾವು ಕೊಡುವುದು ಪಾದದ ಜಾಲಪೊರೆ. ಗಂಡು ಹೆಣ್ಣು ಸರದಿಯಂತೆ ಸುಮಾರು ಆರು ವಾರ ಅದನ್ನು ಮೊಟ್ಟೆಗೆ ಹೊದಿಸಿ ಕೂರುತ್ತವೆ. ಮೂರು ತಿಂಗಳಲ್ಲಿ ಮರಿ ಕೊಬ್ಬಿ, ಒಂದು ದಿನ ಬಂಡೆಯಂಚಿನಿಂದ ಹಾರಿ ಕಡಲಿಗೆ ಬೀಳುತ್ತದೆ. ಮತ್ತೆ ಮೇಲೇಳಲಾರದಷ್ಟು ಭಾರವಾದ್ದರಿಂದ, ಕೊಬ್ಬು ಕರಗುವವರೆಗೆ ಈಜುವುದೇ ಗತಿ.

ಇಷ್ಟು ಒತ್ತೊತ್ತಾದ ಬದುಕು ರೋಗಕ್ಕೂ ಅನುಕೂಲ. 2022ರ ಬೇಸಿಗೆಯಲ್ಲಿ ಹಕ್ಕಿಜ್ವರ ಇಲ್ಲಿಗೂ ತಲುಪಿತು. ಮರುವರ್ಷ ಡ್ರೋನ್ ಚಿತ್ರಗಳಿಂದ ಎಣಿಸಿದಾಗ ಲೆಕ್ಕಕ್ಕೆ ಸಿಕ್ಕ ಗೂಡುಗಳು ಸುಮಾರು 52,000. ಬದುಕುಳಿದ ಕೆಲವು ಹಕ್ಕಿಗಳ ತಿಳಿನೀಲಿ ಕಣ್ಣುಗಳು ಕಪ್ಪಾಗಿದ್ದವು. ರಕ್ತಪರೀಕ್ಷೆಯಲ್ಲಿ ಅಂಥ ಹಲವು ಹಕ್ಕಿಗಳಿಗೆ ಸೋಂಕು ತಗುಲಿ ಹೋಗಿದ್ದುದು ಗೊತ್ತಾಯಿತು. ಗ್ಯಾನೆಟ್ ಮೊದಲ ಮೊಟ್ಟೆಯಿಡುವುದು ನಾಲ್ಕೈದನೆಯ ವಯಸ್ಸಿಗೆ, ಅದೂ ವರ್ಷಕ್ಕೊಂದು. ಕಳೆದುಕೊಂಡ ಸಂಖ್ಯೆ ಬೇಗ ತುಂಬುವಂಥದ್ದಲ್ಲ.