ಜನ ತಲೆಯೆತ್ತಿ ನೋಡುವ ಜಾಹೀರಾತು

1989ರ ಅಕ್ಟೋಬರ್ 17. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಕ್ರೀಡಾಂಗಣ ಬೇಸ್‌ಬಾಲ್ ವಿಶ್ವ ಸರಣಿಯ ಮೂರನೇ ಪಂದ್ಯಕ್ಕೆ ಕಿಕ್ಕಿರಿದಿತ್ತು. ಆಟವನ್ನು ಮೇಲಿನಿಂದ ತೋರಿಸಲು ಟೈರು ಕಂಪನಿ ಗುಡ್‌ಇಯರ್‌ನ ಬ್ಲಿಂಪ್ ಎಂಬ ವಾಯುನೌಕೆ ಬಂದು ಆಕಾಶದಲ್ಲಿ ತೇಲುತ್ತಿತ್ತು. ಸಂಜೆ ಐದು ಗಂಟೆ ನಾಲ್ಕು ನಿಮಿಷಕ್ಕೆ ಭೂಮಿ ನಡುಗಿತು. ಕ್ರೀಡಾಂಗಣದ ವಿದ್ಯುತ್ ಹೋಯಿತು, ಟಿವಿ ಪ್ರಸಾರ ತುಂಡಾಯಿತು.  ಸ್ವಲ್ಪ ಹೊತ್ತಿನಲ್ಲೇ ಬ್ಲಿಂಪಿನ ಕ್ಯಾಮೆರಾ ಆಟದ ಬಯಲಿನಿಂದ ಊರಿನ ಕಡೆಗೆ ತಿರುಗಿತು. ಕೊಲ್ಲಿಯ ಮೇಲಿನ ಸೇತುವೆಯ ಕುಸಿದ ತುಂಡು, ಮರೀನಾ ಬಡಾವಣೆಯ ಬೆಂಕಿ, ಇವನ್ನು ಅಮೆರಿಕದ ಜನ ನೋಡಿದ್ದು ಒಂದು ಜಾಹೀರಾತಿನ ಕಣ್ಣಿನಿಂದ.

ಜಾಹೀರಾತು ಕಂಡರೆ ಪುಟ ಮಗುಚುವವರು, ಚಾನೆಲ್ ಬದಲಿಸುವವರು ನಾವು. ಬ್ಲಿಂಪ್ ಬಂತೆಂದರೆ ಮಾತ್ರ ಜನ ಮನೆಯಿಂದ ಹೊರಗೆ ಓಡಿ ಬರುತ್ತಾರೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಾರೆ. ಅದು ಮಾರುತ್ತಿರುವುದು ಟೈರು ಎಂದು ಎಲ್ಲರಿಗೂ ಗೊತ್ತು. ಆದರೂ ಅದರ ಮೇಲೆ ಯಾರಿಗೂ ಬೇಸರವಿಲ್ಲ. ನೂರು ವರ್ಷವಾದರೂ ಈ ಅಕ್ಕರೆ ಸವೆದಿಲ್ಲ.

ಬ್ಲಿಂಪಿನ ರಚನೆ ಬೆರಗು ಹುಟ್ಟಿಸುವಷ್ಟು ಸರಳ. ಹಳೆಯ ಜೆಪ್ಪೆಲಿನ್ ವಾಯುನೌಕೆಗಳ ಒಳಗೆ ಲೋಹದ ಹಂದರವಿರುತ್ತಿತ್ತು. ಬ್ಲಿಂಪಿಗೆ ಮೂಳೆಯೇ ಇಲ್ಲ. ಒಳಗಿನ ಅನಿಲದ ಒತ್ತಡವೇ ಅದಕ್ಕೆ ಆಕಾರ ಕೊಡುತ್ತದೆ. ಆ ಒತ್ತಡವೂ ತೀರಾ ಕಡಿಮೆ, ಹೊರಗಿನ ಗಾಳಿಗಿಂತ ಚೂರೇ ಚೂರು ಹೆಚ್ಚು. ಹಾಗಾಗಿ ತೂತು ಬಿದ್ದರೂ ಅದು ಬಲೂನಿನಂತೆ ಒಡೆಯುವುದಿಲ್ಲ, ಅನಿಲ ನಿಧಾನಕ್ಕೆ ಸೋರುತ್ತದೆ. ನೆಲದಿಂದ ಕಿಡಿಗೇಡಿಗಳು ಬಂದೂಕಿನಿಂದ ಗುರಿಯಿಟ್ಟ ಪ್ರಸಂಗಗಳಿವೆ. 1990ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಒಬ್ಬಾತ ರಿಮೋಟಿನಿಂದ ಹಾರಿಸಿದ ಆಟಿಕೆ ವಿಮಾನ ‘ಕೊಲಂಬಿಯ’ ಎಂಬ ಬ್ಲಿಂಪಿನ ಮೈಗೆ ನುಗ್ಗಿ ದೊಡ್ಡ ತೂತು ಕೊರೆಯಿತು. ಆಗಲೂ ಪೈಲಟ್ ಅದನ್ನು ಕ್ಷೇಮವಾಗಿ ಇಳಿಸಿದರು.

ದೊಡ್ಡ ಚೀಲದ ಒಳಗೆ ಹಿಂದೊಂದು ಮುಂದೊಂದು ಗಾಳಿಚೀಲಗಳಿರುತ್ತವೆ. ಮೇಲೇರಿದಂತೆ ಹೀಲಿಯಂ ಹಿಗ್ಗುತ್ತದೆ, ಆಗ ಈ ಚೀಲಗಳಿಂದ ಗಾಳಿ ಹೊರಬಿಡುತ್ತಾರೆ, ಇಳಿಯುವಾಗ ತುಂಬುತ್ತಾರೆ. ಹೀಗೆ ಒತ್ತಡವೂ ಆಕಾರವೂ ಹದದಲ್ಲಿ ಉಳಿಯುತ್ತವೆ. ಮೂತಿ ಏಳಬೇಕೆ, ತಗ್ಗಬೇಕೆ ಎನ್ನುವುದನ್ನೂ ಹಿಂದಿನ ಮುಂದಿನ ಚೀಲಗಳ ಹೆಚ್ಚುಕಡಿಮೆಯಿಂದ ಸರಿಪಡಿಸಬಹುದು. ಜನ ಕೂರುವ ಗೊಂಡೊಲಾ ಕೆಳಗೆ ಅಂಟಿಕೊಂಡಂತೆ ಕಂಡರೂ ಅದರ ಭಾರ ಹೊರುವುದು ಚೀಲದ ಒಳಗಿನ ನೆತ್ತಿಯಿಂದ ಇಳಿಬಿಟ್ಟ ಕೇಬಲ್ಲುಗಳು. 1969ರಿಂದ 2017ರವರೆಗೆ ಅಮೆರಿಕನ್ನರು ಕಂಡ ಗುಡ್‌ಇಯರ್ ಬ್ಲಿಂಪ್ 192 ಅಡಿ ಉದ್ದವಿತ್ತು. ಒಳಗೆ ಎರಡು ಲಕ್ಷ ಘನ ಅಡಿಗೂ ಮಿಕ್ಕಿ ಹೀಲಿಯಂ. ಇಷ್ಟು ದೊಡ್ಡ ದೇಹ ಒಬ್ಬ ಪೈಲಟ್ ಮತ್ತು ಆರು ಮಂದಿಯನ್ನು ಹೊತ್ತು ಗಂಟೆಗೆ 30–35 ಮೈಲಿ ವೇಗದಲ್ಲಿ, ಸಾವಿರ ಸಾವಿರದೈನೂರು ಅಡಿ ಎತ್ತರದಲ್ಲಿ ಸಾಗುತ್ತಿತ್ತು. ಕೆಳಗಿನಿಂದ ಅಕ್ಷರ ಓದುವುದಕ್ಕೂ ಕೈ ಬೀಸುವುದಕ್ಕೂ ಬೇಕಾದ ವ್ಯವಧಾನ ಆ ನಿಧಾನದಲ್ಲಿದೆ. ಜನರ ಅಕ್ಕರೆಗೆ ಈ ನಿಧಾನವೇ ಮೊದಲ ಕಾರಣ ಎಂದು ನನಗನ್ನಿಸುತ್ತದೆ.

ವಾಯುನೌಕೆಯ ಮೈಮೇಲೆ ಜಾಹೀರಾತು ಬರೆಯುವ ಆಲೋಚನೆ ಗುಡ್‌ಇಯರ್‌ನದಲ್ಲ. 1902ರ ಸೆಪ್ಟೆಂಬರಿನಲ್ಲಿ ಸ್ಟ್ಯಾನ್ಲಿ ಸ್ಪೆನ್ಸರ್ ಎಂಬ ಬಲೂನು ಸಾಹಸಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಿಂದ ಹೊರಟು, ನಗರದ ಮೇಲೆ ಹಾದು, ಸುಮಾರು 30 ಮೈಲಿ ಹಾರಿ ಇಳಿದರು. 75 ಅಡಿ ಉದ್ದದ ಆ ನೌಕೆಗೆ ಇದ್ದದ್ದು ಮೂರೂವರೆ ಅಶ್ವಶಕ್ತಿಯ ಪುಟ್ಟ ಎಂಜಿನ್. ಅವರ ಹಾರಾಟಕ್ಕೆ ಹಣ ಕೊಟ್ಟದ್ದು ಮೆಲಿನ್ಸ್ ಎಂಬ ಮಕ್ಕಳ ಆಹಾರದ ಕಂಪನಿ. ಅದರ ಹೆಸರು ಚೀಲದ ಮೇಲೆ ದೊಡ್ಡದಾಗಿತ್ತು.

ಆದರೆ ಇದನ್ನೊಂದು ಪರಂಪರೆಯಾಗಿ ಬೆಳೆಸಿದ್ದು ಓಹಾಯೊ ರಾಜ್ಯದ ಆ್ಯಕ್ರನ್ ಎಂಬ ರಬ್ಬರಿನ ಊರು. 1898ರಲ್ಲಿ ಅಲ್ಲಿ ಶುರುವಾದ ಗುಡ್‌ಇಯರ್‌ಗೆ ಬಟ್ಟೆಗೆ ರಬ್ಬರ್ ಲೇಪಿಸುವ ಕೆಲಸ ಗೊತ್ತಿತ್ತು, ಬಲೂನಿಗೆ ಬೇಕಾದದ್ದೂ ಅದೇ. 1917ರಲ್ಲಿ ಊರ ಹೊರಗಿನ ವಿಂಗ್‌ಫುಟ್ ಕೆರೆಯ ದಡದಲ್ಲಿ ಕಂಪನಿಯ ವಾಯುನೌಕಾ ನೆಲೆ ಎದ್ದಿತು. ಮೊದಲ ಮಹಾಯುದ್ಧಕ್ಕೆ ನೌಕಾಪಡೆಯ ಪೈಲಟ್‌ಗಳು ತರಬೇತಿ ಪಡೆದದ್ದು ಅಲ್ಲೇ.

ಆರಂಭದ ವರ್ಷಗಳು ಮಾತ್ರ ಸಾವಿನ ಲೆಕ್ಕದಿಂದ ಭಾರವಾಗಿವೆ. 1919ರ ಜುಲೈ 21ರಂದು ‘ವಿಂಗ್‌ಫುಟ್ ಏರ್ ಎಕ್ಸ್‌ಪ್ರೆಸ್’ ಎಂಬ ಗುಡ್‌ಇಯರ್ ನೌಕೆ ಷಿಕಾಗೊದ ಪೇಟೆಯ ಮೇಲೆ ಹಾರುತ್ತಿದ್ದಾಗ ಹೊತ್ತಿಕೊಂಡಿತು. ಒಳಗಿದ್ದದ್ದು ಜಲಜನಕ. ಉರಿಯುತ್ತಿದ್ದ ನೌಕೆ ಒಂದು ಬ್ಯಾಂಕಿನ ಗಾಜಿನ ಚಾವಣಿಯನ್ನು ಸೀಳಿಕೊಂಡು, ದಿನದ ಲೆಕ್ಕ ಮುಗಿಸುತ್ತಿದ್ದ ಗುಮಾಸ್ತರ ನಡುವೆ ಬಿತ್ತು. ಸತ್ತವರು 13 ಜನ. ಅವರಲ್ಲಿ ಹತ್ತು ಮಂದಿ ಆಕಾಶಕ್ಕೆ ಯಾವ ಸಂಬಂಧವೂ ಇಲ್ಲದ ಬ್ಯಾಂಕ್ ನೌಕರರು. ಊರಿನ ಮೇಲೆ ತೇಲುವ ವಾಹನವನ್ನು ಜನ ನಂಬಬೇಕಾದರೆ ಮೊದಲು ಅನಿಲ ಬದಲಾಗಬೇಕಿತ್ತು.

ಆ ಬದಲಿ ಅನಿಲ ಹೀಲಿಯಂ. ಅದರ ಪತ್ತೆಯ ಕಥೆಯಲ್ಲಿ ನಮ್ಮ ಜಮಖಂಡಿಗೂ ಒಂದು ಜಾಗವಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ರೋಹಿತದರ್ಶಕದಿಂದ ನೋಡಲು ಲೆಫ್ಟಿನೆಂಟ್ ಜಾನ್ ಹರ್ಷಲ್ ಜಮಖಂಡಿಗೆ ಬಂದಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲ್ ಅವರ ಮೊಮ್ಮಗ ಇವರು. ಮೋಡಗಳ ಕಾಟದ ನಡುವೆಯೂ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಅವರಿಗೆ ಕಂಡವು. ಕಿತ್ತಳೆ ಗೆರೆ ಸೋಡಿಯಂನದೇ ಇರಬೇಕು ಎಂದುಕೊಂಡರು. ಅದು ಸೋಡಿಯಂನದಲ್ಲ, ಅದರ ಜಾಗವೇ ಬೇರೆ ಎಂದು ಅದೇ ವರ್ಷ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಗುರುತಿಸಿದರು. ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು 1895ರಲ್ಲಿ. ಮುಂದೆ ಅಮೆರಿಕದ ಕ್ಯಾನ್ಸಸ್, ಟೆಕ್ಸಸ್ ಕಡೆಯ ನೈಸರ್ಗಿಕ ಅನಿಲದ ಬಾವಿಗಳಲ್ಲಿ ಅದರ ದೊಡ್ಡ ಸಂಗ್ರಹವೇ ಇದೆಯೆಂದು ಗೊತ್ತಾಯಿತು. ಬೆಂಕಿಗೆ ಸ್ಪಂದಿಸದ ಅನಿಲ ವಾಯುನೌಕೆಗೆ ದೊರಕಿದ್ದು ಹೀಗೆ.

1925ರಲ್ಲಿ ಹಾರಿದ ‘ಪಿಲ್ಗ್ರಿಮ್’ ಹೀಲಿಯಂ ತುಂಬಿದ ಮೊದಲ ವಾಣಿಜ್ಯ ಬ್ಲಿಂಪ್. ಅದರ ಹಿಂದಿದ್ದವರು ಮುಂದೆ ಕಂಪನಿಯ ಮುಖ್ಯಸ್ಥರಾದ ಪಾಲ್ ಲಿಚ್‌ಫೀಲ್ಡ್. ಅನುಕೂಲಸ್ಥರು ಸರೋವರದಲ್ಲಿ ವಿಹಾರ ನೌಕೆ ಇಟ್ಟುಕೊಳ್ಳುವ ಹಾಗೆ ಆಕಾಶದಲ್ಲೂ ಇಟ್ಟುಕೊಳ್ಳುವ ಕಾಲ ಬರುತ್ತದೆಂದು ಅವರು ಕನಸು ಕಂಡಿದ್ದರು. ಪ್ಯೂರಿಟನ್, ರಿಲಯನ್ಸ್, ಮೇಫ್ಲವರ್, ಕೊಲಂಬಿಯ ಎಂದು ಬ್ಲಿಂಪ್‌ಗಳಿಗೆ ಅಮೆರಿಕಾಸ್ ಕಪ್ ಗೆದ್ದ ಹಾಯಿದೋಣಿಗಳ ಹೆಸರಿಡುವ ಪದ್ಧತಿ ಬಂದದ್ದು ಆ ಕನಸಿನಿಂದ. ಆ ಕಾಲ ಬರಲಿಲ್ಲ. 1937ರಲ್ಲಿ ಜಲಜನಕ ತುಂಬಿದ ಹಿಂಡೆನ್‌ಬರ್ಗ್ ನೌಕೆ ಸುಟ್ಟುಹೋದ ಮೇಲೆ ವಾಯುನೌಕೆಯ ಪ್ರಯಾಣವೇ ಮುಗಿಯಿತು. ಉಳಿದದ್ದು ಮೈಮೇಲಿನ ಹೆಸರು. 1930ರ ದಶಕದಲ್ಲೇ ‘ಡಿಫೆಂಡರ್’ ಬ್ಲಿಂಪಿನ ಪಕ್ಕೆಯಲ್ಲಿ ನಿಯಾನ್ ದೀಪದ ಅಕ್ಷರಗಳು ಹೊತ್ತಿ, ರಾತ್ರಿಯ ಆಕಾಶವೂ ಓದುವ ಹಲಗೆಯಾಯಿತು.

ಎರಡನೇ ಮಹಾಯುದ್ಧ ಈ ಜಾಹೀರಾತು ನೌಕೆಗಳನ್ನೂ ಸೇನೆಗೆ ಸೇರಿಸಿಕೊಂಡಿತು. ಜಲಾಂತರ್ಗಾಮಿಗಳ ಮೇಲೆ ಕಣ್ಣಿಡಲು ಅಮೆರಿಕದ ನೌಕಾಪಡೆಗೆ ಗುಡ್‌ಇಯರ್ 130ಕ್ಕೂ ಹೆಚ್ಚು ಕೆ-ವರ್ಗದ ಬ್ಲಿಂಪ್‌ಗಳನ್ನು ಕಟ್ಟಿಕೊಟ್ಟಿತು. ಶತ್ರುವಿನ ಗುಂಡಿಗೆ ಉರುಳಿದ್ದು ಒಂದೇ ಒಂದು, 1943ರ ಜುಲೈನಲ್ಲಿ ಫ್ಲಾರಿಡಾ ಜಲಸಂಧಿಯಲ್ಲಿ.

ಆದರೆ ಯುದ್ಧಕಾಲದ ಕಥೆಗಳಲ್ಲಿ ಮರೆಯಲಾಗದ್ದು ಎಲ್-8 ಎಂಬ ನೌಕಾಪಡೆಯ ಬ್ಲಿಂಪಿನದು. ಅದರ ಗೊಂಡೊಲಾ ಮೂಲತಃ ‘ರೇಂಜರ್’ ಎಂಬ ಜಾಹೀರಾತು ಬ್ಲಿಂಪಿಗಾಗಿ ಕಟ್ಟಿದ್ದು. 1942ರ ಏಪ್ರಿಲ್‌ನಲ್ಲಿ ಟೋಕಿಯೊ ಮೇಲಿನ ದಾಳಿಗೆ ಹೊರಟಿದ್ದ ಹಾರ್ನೆಟ್ ಯುದ್ಧನೌಕೆಗೆ ನಡುಗಡಲಿನಲ್ಲಿ ವಿಮಾನದ ಬಿಡಿಭಾಗಗಳನ್ನು ಇಳಿಸಿಕೊಟ್ಟ ಹೆಮ್ಮೆ ಅದರದು. ಅದೇ ವರ್ಷ ಆಗಸ್ಟ್ 16ರ ಬೆಳಗ್ಗೆ ಅರ್ನೆಸ್ಟ್ ಕೋಡಿ, ಚಾರ್ಲ್ಸ್ ಆ್ಯಡಮ್ಸ್ ಎಂಬ ಇಬ್ಬರು ಅಧಿಕಾರಿಗಳು ಅದರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಗಸ್ತಿಗೆ ಹೊರಟರು. ಸಮುದ್ರದ ಮೇಲೆ ಎಣ್ಣೆಯ ಕಲೆ ಕಾಣುತ್ತಿದೆ, ನೋಡುತ್ತೇವೆ ಎಂದು ರೇಡಿಯೊದಲ್ಲಿ ತಿಳಿಸಿದರು. ಆಮೇಲೆ ಅವರ ದನಿ ಕೇಳಲಿಲ್ಲ. ಮಧ್ಯಾಹ್ನಕ್ಕೆ ಮುನ್ನ ಬ್ಲಿಂಪ್ ನಡು ಬಾಗಿದ ಸ್ಥಿತಿಯಲ್ಲಿ ದಡದ ಕಡೆ ತೇಲಿಬಂದು ಡೇಲಿ ಸಿಟಿಯ ಮನೆಗಳ ನಡುವಿನ ಬೀದಿಯಲ್ಲಿ ಕುಳಿತಿತು. ಓಡಿಬಂದವರು ನೋಡಿದರೆ ಗೊಂಡೊಲಾದ ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ. ಪ್ಯಾರಾಚೂಟುಗಳು ಇದ್ದಲ್ಲೇ ಇವೆ. ರೇಡಿಯೊ ಕೆಲಸ ಮಾಡುತ್ತಿದೆ. ಆ ಇಬ್ಬರು ಏನಾದರೆಂದು ಇಂದಿಗೂ ತಿಳಿದಿಲ್ಲ. ಯುದ್ಧ ಮುಗಿದ ಮೇಲೆ ಆ ಗೊಂಡೊಲಾ ಗುಡ್‌ಇಯರ್‌ಗೆ ಮರಳಿತು. ಮುಂದೆ ‘ಅಮೆರಿಕ’ ಎಂಬ ಬ್ಲಿಂಪಿನಡಿ 1982ರವರೆಗೆ ಹಾರಿತು. ಕೈ ಬೀಸುತ್ತಿದ್ದ ಜನರಲ್ಲಿ ಎಷ್ಟು ಮಂದಿಗೆ ಅದರ ಪೂರ್ವಕಥೆ ಗೊತ್ತಿತ್ತೊ.

ಟಿವಿ ಬಂದಿತು, ಬ್ಲಿಂಪಿಗೆ ಹೊಸ ಜೀವ ಬಂದಿತು. 1955ರಲ್ಲಿ ಪ್ಯಾಸಡೀನದ ಗುಲಾಬಿ ಮೆರವಣಿಗೆಯನ್ನು ಬ್ಲಿಂಪಿನಿಂದ ನೇರವಾಗಿ ತೋರಿಸಿದರು. ಮುಂದೆ ಒಂದು ಸರಳ ಒಪ್ಪಂದ ರೂಢಿಗೆ ಬಂತು. ಆಕಾಶದ ದೃಶ್ಯಕ್ಕೆ ಕಂಪನಿ ದುಡ್ಡು ಕೇಳುವುದಿಲ್ಲ. ಬದಲಿಗೆ ಟಿವಿಯವರು ಆಗಾಗ ಬ್ಲಿಂಪನ್ನು ತೋರಿಸಿ ಹೆಸರು ಹೇಳುತ್ತಾರೆ. ಇದರಲ್ಲಿ ವೀಕ್ಷಕನಿಗೆ ನಷ್ಟವಿಲ್ಲ, ಅವನು ಕಾಣಲಾಗದ ಕೋನವೊಂದು ಅವನಿಗೆ ಸಿಕ್ಕಿತು. ಅಮೆರಿಕನ್ ಫುಟ್‌ಬಾಲ್ ಇದನ್ನು ಎಷ್ಟು ಹಚ್ಚಿಕೊಂಡಿತೆಂದರೆ ಆಟಗಾರರಿಗೂ ತರಬೇತುದಾರರಿಗೂ ಮೀಸಲಾಗಿದ್ದ ಕಾಲೇಜು ಫುಟ್‌ಬಾಲ್ ಕೀರ್ತಿಭವನ 2019ರಲ್ಲಿ ಬ್ಲಿಂಪಿಗೂ ಗೌರವ ಸ್ಥಾನ ನೀಡಿತು. ರಾತ್ರಿಯ ದೀಪಗಳೂ ಬೆಳೆದವು. ಒಂದೊಂದು ಪಕ್ಕೆಗೆ 3,780 ಬಣ್ಣದ ಬಲ್ಬುಗಳು ಚಲಿಸುವ ಚಿತ್ರ, ಅಕ್ಷರಗಳನ್ನು ಮೂಡಿಸುತ್ತಿದ್ದವು. ಸಾರ್ವಜನಿಕ ಹಿತದ ಸಂದೇಶಗಳಿಗೂ ಅಲ್ಲಿ ಧಾರಾಳ ಜಾಗವಿತ್ತು.

ನಮ್ಮಲ್ಲಿ ‘ಬ್ಲಿಂಪ್’ ಮನೆಮನೆಯ ಮಾತಾದದ್ದು 2010ರ ಐಪಿಎಲ್‌ನಲ್ಲಿ. ಎಂಆರ್‌ಎಫ್ ಹೆಸರು ಹೊತ್ತದ್ದು ಹಾರಾಡುವ ನೌಕೆಯಲ್ಲ, ಹಗ್ಗದಲ್ಲಿ ನೆಲಕ್ಕೆ ಕಟ್ಟಿದ ಬಲೂನು. ಕಾಮೆಂಟರಿಯವರು ಆಟ ಬಿಟ್ಟು ಅದರ ಹೆಸರನ್ನೇ ಜಪಿಸಿದಾಗ ಕ್ರಿಕೆಟ್ ಪ್ರಿಯರು ರೇಗಿದರು. ರೇಗಿದ್ದು ನ್ಯಾಯವೇ. ಬ್ಲಿಂಪನ್ನು ನೋಡುವ ಸಂತೋಷ ಅದನ್ನು ನಾವಾಗಿ ಕಂಡುಕೊಳ್ಳುವುದರಲ್ಲಿದೆ. ಬಲವಂತವಾಗಿ ತೋರಿಸಿದರೆ ಅದೂ ಬರಿಯ ಜಾಹೀರಾತು.

ಬ್ಲಿಂಪ್ ಎಂದರೆ ಮೇಲಿರುವವರು ಮಾತ್ರ ಎಂದುಕೊಳ್ಳಬಾರದು. ಅದು ಊರೂರಿಗೆ ಹೊರಟರೆ ಕೆಳಗೆ ರಸ್ತೆಯಲ್ಲಿ ಬಸ್ಸು, ಲಾರಿ, ವ್ಯಾನುಗಳ ಸಾಲು ಹಿಂಬಾಲಿಸುತ್ತದೆ. ಇಳಿಯುವಾಗ ನೆಲದ ತಂಡ ಓಡಿಹೋಗಿ ಮೂತಿಯ ಹಗ್ಗಗಳನ್ನು ಹಿಡಿಯಬೇಕು. ಜನ ಹತ್ತಿಳಿಯುವಾಗಲೂ ಒಬ್ಬರು ಇಳಿದರೆ ಒಬ್ಬರು ಹತ್ತುವುದೇ ಪದ್ಧತಿ, ಇಲ್ಲದಿದ್ದರೆ ತೂಕ ತಪ್ಪುತ್ತದೆ. ಬಯಲಿನಲ್ಲಿ ಕಂಬಕ್ಕೆ ಕಟ್ಟಿದ ಮೇಲೂ ಗಾಳಿ ಬಂದ ಕಡೆಗೆ ಅದು ತಿರುಗುತ್ತಲೇ ಇರುತ್ತದೆ, ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಅದಕ್ಕೇ ಹಗಲೂ ರಾತ್ರಿ ಒಬ್ಬರು ಒತ್ತಡದ ಮಾಪಕ ನೋಡುತ್ತ ಕಾವಲಿರುತ್ತಾರೆ. ಈ ಕೆಲಸಗಾರರ ಹೆಸರು ಯಾವ ಟಿವಿಯಲ್ಲೂ ಬರುವುದಿಲ್ಲ.

ತೂಕದ ಈ ಲೆಕ್ಕ ಒಬ್ಬ ಪೈಲಟ್‌ನ ಜೀವವನ್ನೇ ತೆಗೆದುಕೊಂಡಿತು. 2011ರ ಜೂನ್ 12ರಂದು ಜರ್ಮನಿಯ ರೈಶೆಲ್ಸ್‌ಹೈಮ್ ಬಳಿ ಗುಡ್‌ಇಯರ್ ಹೆಸರು ಹೊತ್ತ ಬ್ಲಿಂಪಿನಲ್ಲಿ ಬೆಂಕಿ ಕಾಣಿಸಿತು. ಹೀಲಿಯಂ ಉರಿಯದಿದ್ದರೂ ಎಂಜಿನ್ನಿನ ಇಂಧನ ಉರಿಯುತ್ತದೆ. ಆಸ್ಟ್ರೇಲಿಯದ ಪೈಲಟ್ ಮೈಕೆಲ್ ನೆರಾಂಡ್ಜಿಕ್ ನೌಕೆಯನ್ನು ನೆಲಕ್ಕೆ ತೀರಾ ಹತ್ತಿರ ತಂದು ಮೂವರು ಪ್ರಯಾಣಿಕರಿಗೆ ಜಿಗಿಯಲು ಹೇಳಿದರು. ಮೂವರೂ ಬದುಕಿದರು. ಅವರ ಭಾರ ಇಳಿದದ್ದೇ ತಡ, ನೌಕೆ ಮೇಲಕ್ಕೆ ಚಿಮ್ಮಿ ನೆರಾಂಡ್ಜಿಕ್ ಅವರೊಡನೆ ಸುಟ್ಟುಹೋಯಿತು. ಅಷ್ಟು ಭಾರ ಇಳಿದರೆ ಬ್ಲಿಂಪ್ ಮೇಲೇಳುತ್ತದೆಂಬುದು ಅನುಭವಿ ಪೈಲಟ್‌ಗೆ ಗೊತ್ತಿಲ್ಲದ ಸಂಗತಿಯಲ್ಲ. ಈ ವೃತ್ತಿಯ ಬಗ್ಗೆ ಬರೆಯುವಾಗ ಅವರ ಹೆಸರನ್ನು ಬಿಡಲು ನನಗೆ ಮನಸ್ಸಿಲ್ಲ.

ಈಗ ಗುಡ್‌ಇಯರ್‌ನ ಮೂರು ನೌಕೆಗಳು ಅಮೆರಿಕದಲ್ಲಿ ಹಾರುತ್ತಿವೆ: ವಿಂಗ್‌ಫುಟ್ ಒನ್, ಟು, ತ್ರೀ. ಜರ್ಮನಿಯ ಜೆಪ್ಪೆಲಿನ್ ಕಂಪನಿಯ ಜೊತೆ ಸೇರಿ ಕಟ್ಟಿದ ಇವು 246 ಅಡಿ ಉದ್ದವಿವೆ. ಒಳಗೆ ಹಗುರ ಹಂದರವಿರುವುದರಿಂದ ಶಾಸ್ತ್ರದ ಪ್ರಕಾರ ಬ್ಲಿಂಪ್‌ಗಳಲ್ಲ, ಆದರೂ ಜನ ಹಳೆಯ ಹೆಸರನ್ನು ಬಿಟ್ಟಿಲ್ಲ. ದಿಕ್ಕು ಬದಲಿಸಬಲ್ಲ ಪ್ರೊಪೆಲ್ಲರ್‌ಗಳಿಂದಾಗಿ ಇವು ಹೆಲಿಕಾಪ್ಟರಿನಂತೆ ನಿಂತಲ್ಲೇ ನಿಲ್ಲಬಲ್ಲವು, ನೆಲದ ತಂಡವೂ ಚಿಕ್ಕದು ಸಾಕು. ಡ್ರೋನ್‌ಗಳು ಅಗ್ಗದಲ್ಲಿ ಆಕಾಶದ ದೃಶ್ಯ ಕೊಡುತ್ತಿರುವ ಕಾಲದಲ್ಲೂ, ಹೀಲಿಯಂ ತುಟ್ಟಿಯಾಗಿರುವಾಗಲೂ ಕಂಪನಿ ಇವನ್ನು ಉಳಿಸಿಕೊಂಡಿದೆ. ಕಾರ್ಟೂನು ನಾಯಿ ಸ್ನೂಪಿಯ ಚಿತ್ರ ಹೊತ್ತ, ವಿಮಾ ಕಂಪನಿ ಮೆಟ್‌ಲೈಫ್‌ನ ಬ್ಲಿಂಪ್‌ಗಳು 2016ರಲ್ಲೇ ನಿವೃತ್ತಿಯಾದವು. ಪಿಲ್ಗ್ರಿಮ್‌ಗೆ ನೂರು ತುಂಬಿದ 2025ರಲ್ಲಿ ವಿಂಗ್‌ಫುಟ್ ಒನ್‌ಗೆ ಆ ಅಜ್ಜನ ಬಣ್ಣವನ್ನೇ ಬಳಿದರು.

ಹತ್ತಲು ಟಿಕೆಟ್ ಇಲ್ಲ. ಕಂಪನಿಯ ಆಹ್ವಾನಿತರು, ದತ್ತಿ ಹರಾಜಿನಲ್ಲಿ ಸ್ಥಾನ ಗೆದ್ದವರು ಏರಬಹುದು. ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕ್ಲೀವ್‌ಲ್ಯಾಂಡ್ ಕಡೆ ಮಕ್ಕಳ ಮನೆಗೆ ಹೋಗುವ ನಮ್ಮವರು ಆ್ಯಕ್ರನ್ ಬಳಿಯ ವಿಂಗ್‌ಫುಟ್ ಲೇಕ್ ಸ್ಟೇಟ್ ಪಾರ್ಕಿಗೆ ಒಮ್ಮೆ ಹೋಗಿಬರಬೇಕು. ಕೆರೆಯಾಚೆ ನೌಕೆಗಳ ಹ್ಯಾಂಗರ್ ಕಾಣುತ್ತದೆ. ಎಲ್-8ರ ಗೊಂಡೊಲಾ ಫ್ಲಾರಿಡಾದ ಪೆನ್ಸಕೋಲದ ನೌಕಾ ವಾಯುಯಾನ ವಸ್ತುಸಂಗ್ರಹಾಲಯದಲ್ಲಿದೆ. ಪಿಲ್ಗ್ರಿಮ್‌ನದು ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.